ಓಡಿಸಿ ಕೇಳಬೇಕು

ಬಿದಿರಿಗೆ ಹುರಿ ಸುತ್ತುತ್ತಿದ್ದ ಸತ್ಯಪ್ರಕಾಶ ಅರ್ಧಕ್ಕೇ ಕೈಬಿಟ್ಟು ಎದ್ದ. ಬರೋಡಾದ ಆ ಇಕ್ಕಟ್ಟು ಓಣಿಯಲ್ಲಿ, ಭಾವನ ಚಟ್ಟ ಹೊರಡಬೇಕಾದ ಬಾಗಿಲಿಗೇ ಅಡ್ಡವಾಗಿ ಒಂದು ಟಾಂಗಾ ಬಂದು ನಿಂತಿತ್ತು.

“ಸಾವಿನ ಮನೆ ಇದು. ಗಾಡಿ ಹಿಂದಕ್ಕೆ ತಗೊ,” ಎಂದು ಹರಕು ಹಿಂದಿಯಲ್ಲಿ ರೇಗಿದ.

ಟಾಂಗಾದ ಕಾಸಂಭಾಯಿಗೆ ಸುದ್ದಿಯೇ ಗೊತ್ತಿರಲಿಲ್ಲ. ಚಟ್ಟ ನೋಡಿ ಅವನ ಮುಖ ಇಳಿದುಹೋಯಿತು. “ಡಾಕ್ಟರ್ ಸಾಹೇಬರೇ ಇವತ್ತು ಬಾ ಅಂದಿದ್ದರು. ಚಾಂದನಿಯನ್ನ ಓಡಿಸಿ ಕೇಳೋ ದಿನ.”

ಚಾಂದನಿ ಅವನ ಕುದುರೆ. ಗಂಟಲ ಕೆಳಗೆ ಕತ್ತಿ ಆಡಿದ ಗಾಯ ಮಾಗಿ ಗೆರೆಯಾಗಿತ್ತು.

ಒಳಗೆ ಗಂಡನ ತಲೆಯ ಬಳಿ ಕೂತಿದ್ದ ಕಾಮಾಕ್ಷಿ ಪಕ್ಕದ ಮನೆಯ ಸುಮಿತ್ರಾಳ ಕಡೆ ತಿರುಗಿದಳು. “ನೋಡ್ರೀ, ಹೋಗೋ ದಿನನಾದ್ರೂ ಬಿಟ್ಟಿದ್ದಾರಾ? ಇವತ್ತೂ ಕುದುರೆ ಬಂತು.” ಬೆಳಗಿನಿಂದ ಅವಳು ಅತ್ತಿರಲಿಲ್ಲ. ಅವಳಿಗೆ ಬಂದಿದ್ದದ್ದು ಸಿಟ್ಟು.

* * *

ಸರ್ಕಾರಿ ಪಶುವೈದ್ಯ ವೆಂಕಟಾಚಲನ ಜೊತೆ ಸಂಸಾರ ಮಾಡಿದವರಿಗೆ ಸಿಟ್ಟು ಬರದೆ ಇನ್ನೇನು ಬಂದೀತು? ಸಿನಿಮಾಕ್ಕೆಂದು ಹೊರಟರೆ ದಾರಿಯಲ್ಲಿ ಯಾವುದೋ ಕುದುರೆಯ ಪಕ್ಕ ಓಡಲು ಶುರುಮಾಡುತ್ತಿದ್ದ. ಊಟಕ್ಕೆ ಕೂತು, ಉಸಿರು ಕಟ್ಟಿದ ಕುದುರೆಯ ಹಾಗೆ ಗಂಟಲಲ್ಲಿ ಗರಗಸದ ಸದ್ದು ಹೊರಡಿಸುತ್ತಿದ್ದ.

“ನಿಂತ ಕುದುರೆ ಏನೂ ಹೇಳಲ್ಲ ಕಾಮಾಕ್ಷಿ. ಗಂಟಲಿನ ಎಡಗಡೆ ನರ ಸತ್ತಿರತ್ತೆ. ಅಲ್ಲಿನ ಪರದೆ ಜೋತುಬಿದ್ದು ಗಾಳಿಗೆ ಅಡ್ಡ ಬರತ್ತೆ. ಓಡಿಸಿದರೆ ಮಾತ್ರ ಸದ್ದು ಬರೋದು.”

“ಸಾರು ಆರ್ತಿದೆ.”

ಚಾಂದನಿಗೂ ಅದೇ ಕಾಯಿಲೆ. ತುಪ್ಪ ಕುಡಿಸು, ಮೆಣಸು ಅರೆದು ಹಾಕು ಎಂದು ಊರೆಲ್ಲ ಬುದ್ಧಿ ಹೇಳಿದ ಮೇಲೆ ವೆಂಕಟಾಚಲ ಗಂಟಲು ಕೊಯ್ದು, ಜೋತುಬಿದ್ದ ಪರದೆ ಗೋಡೆಗೆ ಅಂಟಿಕೊಳ್ಳುವಂತೆ ಒಳಪೊರೆ ಸುಲಿದಿದ್ದ. ಎರಡು ತಿಂಗಳು ಓಡಿಸಬೇಡ, ಆಮೇಲೆ ನಾನೇ ಕೇಳುತ್ತೇನೆ ಎಂದಿದ್ದ.

* * *

ಅಂಥವನು ಈಚೆಗೆ ಮೆಟ್ಟಿಲ ತಿರುವಿನಲ್ಲಿ ಉಸಿರು ಸಾಲದೆ ನಿಂತು ಕಿಟಕಿ ನೋಡುವ ನಾಟಕ ಆಡುತ್ತಿದ್ದ. ಕಾಮಾಕ್ಷಿ ಹೇಳೀ ಹೇಳೀ ಬಾಯಿ ನೋಯಿಸಿಕೊಂಡ ಮೇಲೆ ಡಾಕ್ಟರ ಹತ್ತಿರ ಹೋಗಿ ಬಂದ.

“ಏನೂ ಇಲ್ವಂತೆ.”

“ಹೇಗೆ ನೋಡಿದ್ರು?”

“ಕುರ್ಚಿ ಮೇಲೆ ಕೂರಿಸಿ.”

“ಕೂರಿಸಿ! ಕುದುರೆ ಆಗಿದ್ರೆ ಒಪ್ಪಿರ್ತಿದ್ರಾ ನೀವು?”

“ನನ್ನನ್ನ ಮೆಟ್ಟಿಲು ಹತ್ತಿಸಿ ನೋಡಿ ಅಂತ ಕೇಳಕ್ಕಾಗತ್ತೇನೆ? ನಗ್ತಾರೆ.”

ನಿನ್ನೆ ಸಂಜೆ ಅದೇ ತಿರುವಿನಲ್ಲಿ ಕೂತವನು ಮತ್ತೆ ಏಳಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗಾಯಿತು.

* * *

“ಬೇರೆ ಡಾಕ್ಟರಿಗೆ ತೋರಿಸಪ್ಪ,” ಎಂದು ಹೊರಗೆ ಕಾಸಂಭಾಯಿಗೆ ಹೇಳುತ್ತಿದ್ದ ಸತ್ಯಪ್ರಕಾಶ.

“ಆ ಸದ್ದು ಅವರಿಗಷ್ಟೇ ಗೊತ್ತಿತ್ತು. ಇನ್ನೂ ಉಳಿದಿದ್ರೆ ಇದನ್ನ ಇನ್ಮೇಲೆ ಗಾಡಿಗೆ ಕಟ್ಟಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೀನಿ. ಇವತ್ತೂ ಓಡಿಸದೆ ನಡೆಸಿಕೊಂಡೇ ಬಂದೆ.”

ಕಾಮಾಕ್ಷಿ ಹೊಸ್ತಿಲಿಗೆ ಬಂದಳು. “ನಂಗೊತ್ತು ಆ ಸದ್ದು. ದಿನಾ ಊಟದ ಜೊತೆ ಕೇಳಿದ್ದೀನಿ. ಗಾಡಿ ಬಿಚ್ಚಿ ಓಡಿಸು ಕಾಸಂಭಾಯಿ.”

“ಅಕ್ಕಾ, ಭಾವ ಒಳಗೆ ಹೀಗೆ ಮಲಗಿರುವಾಗ...”

“ಅದಕ್ಕೇ ಕಣೋ. ಕೇಳದೆ ಹೋದ್ರೆ ಅವರಿಗೆ ನೆಮ್ಮದಿ ಇರಲ್ಲ. ನನಗೂ ಇರಲ್ಲ.”

ಹೆಗಲು ಕೊಡಲು ಬಂದವರು ಗೊಣಗುತ್ತಾ ಗೋಡೆಗೆ ಒತ್ತಿ ನಿಂತರು. ಕಾಸಂಭಾಯಿ ಬರಿಬೆನ್ನು ಹತ್ತಿ ಓಣಿಯ ಕೊನೆಯವರೆಗೆ ಓಡಿಸಿ ಬಂದ.

“ಇನ್ನೂ ಜೋರಾಗಿ.”

ಮತ್ತೆ ಓಡಿಸಿದ. ಬೆವರಿ ಹೊಳೆಯುತ್ತಿದ್ದ ಕುದುರೆ ಅವಳ ಮುಂದೆಯೇ ದೌಡಾಯಿಸಿ ಹೋಯಿತು. ಕಾಮಾಕ್ಷಿ ಕಣ್ಣು ಮುಚ್ಚಿ ಕೇಳಿದಳು. ಗೊರಸಿನ ಸದ್ದಿತ್ತು, ದೊಡ್ಡ ಉಸಿರಿತ್ತು. ಗರಗಸ ಇರಲಿಲ್ಲ.

“ಗಾಡಿ ಕಟ್ಟಿಕೊ,” ಎಂದಳು.

ಒಳಗೆ ಬಂದು ಗಂಡನ ಪಕ್ಕ ಮೊಣಕಾಲೂರಿದಳು. “ಹೋಗಿದೇರೀ. ಪೂರ್ತಿ ಹೋಗಿದೆ,” ಎಂದಳು. ಆಮೇಲೆ ಅವನು ಕುದುರೆಗಳಿಗೆ ಮಾಡುತ್ತಿದ್ದ ಹಾಗೇ ಬಗ್ಗಿ, ಅವನ ಗಂಟಲಿಗೆ ಕಿವಿ ಇಟ್ಟಳು.

ಹುರಿ ಹಿಡಿದು ಬಂದ ಸತ್ಯಪ್ರಕಾಶ ಬಾಗಿಲಲ್ಲೇ ನಿಂತ. ಅವಳು ಕೈಯೆತ್ತಿ, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದಳು.