ಅಂಚಿಲ್ಲದ ಗರಿ

ಆ ಓಣಿಯಲ್ಲಿ ಅವನಿಗೆ ಅಂಚಿನ ಟೈಲರ್ ಎಂದೇ ಹೆಸರು. ಹೊಲಿಯುವ ಬಟ್ಟೆಯ ಅಂಚಿಗಲ್ಲ, ಹಿತ್ತಿಲಲ್ಲಿ ಸಾಕಿದ ಕೋಳಿಗಳ ಗರಿಯ ಅಂಚಿಗೆ. ಹೊಂಬಣ್ಣದ ಗರಿ, ಸುತ್ತ ಕಾಡಿಗೆ ಎಳೆದ ಹಾಗೆ ಸಣ್ಣ ಕಪ್ಪು ಗೆರೆ. ಒಂದೇ ಒಂದು ಗರಿಯಲ್ಲಿ ಆ ಗೆರೆ ಮಸುಕಾದರೂ ಮಹಾರಾಯನಿಗೆ ಊಟ ಸೇರುತ್ತಿರಲಿಲ್ಲ. ಮೊಟ್ಟೆಗೂ ಅಲ್ಲ, ಮಾಂಸಕ್ಕೂ ಅಲ್ಲ, ಈ ಕೋಳಿ ಯಾವ ಸುಖಕ್ಕಯ್ಯ ಎಂದು ಯಾರಾದರೂ ಕೇಳಿದರೆ, ನಿನ್ನ ಮೀಸೆ ಯಾವ ಸುಖಕ್ಕೆ ಎಂದು ತಿರುಗಿ ಕೇಳುತ್ತಿದ್ದ.

ನಿಜ ಹೇಳಬೇಕೆಂದರೆ ಅರ್ಧ ಕೆಲಸ ಹೆಂಡತಿಯದು. ಯಾವ ಹೇಟೆಗೆ ಯಾವ ಹುಂಜ ಎಂದು ಜೋಡಿ ಮಾಡುತ್ತಿದ್ದವಳು ಅವಳು. ಅಂಚು ದಪ್ಪಗಿದ್ದರೆ ತೆಳು ಅಂಚಿನದನ್ನು ತಂದು ಸೇರಿಸಬೇಕು, ಆಗ ಮರಿಗೆ ಹದವಾಗಿ ಬರುತ್ತದೆ. ವರ್ಷಗಟ್ಟಲೆ ಹೀಗೆ ತಿಣುಕಿ ಕೊನೆಗೊಂದು ಹೇಟೆ ಹುಟ್ಟಿತು ನೋಡಿ, ಮೈಮೇಲೆ ಒಂದು ತಪ್ಪಿಲ್ಲ. ಮನೆಯೊಳಗೆ ಬಂದು, ಉಪಚಾರ ಸಾಲದು ಎಂಬಂತೆ ಮೂತಿ ತಿರುಗಿಸಿ ಕೂರುತ್ತಿದ್ದುದರಿಂದ ಅದಕ್ಕೆ ಬೀಗಿತ್ತಿ ಎಂದು ಹೆಸರಿಟ್ಟವಳೂ ಅವಳೇ. ಬೀಗಿತ್ತಿಯನ್ನು ಕೋಳಿ ಪ್ರದರ್ಶನದಲ್ಲಿ ನಿಲ್ಲಿಸಬೇಕು, ಅದರ ಮರಿಗಳಿಂದ ತಳಿ ಬೆಳೆಯಬೇಕು. ಗಂಡ ಹೆಂಡತಿಗೆ ಇದ್ದ ಆಸೆ ಇಷ್ಟೇ.

ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದಳು. ಬೀಗಿತ್ತಿ ಅವಳ ಮಗ್ಗುಲು ಬಿಟ್ಟು ಏಳಲಿಲ್ಲ. ಒಂದು ಮಧ್ಯಾಹ್ನ ಅದರ ಬೆನ್ನು ಸವರುತ್ತ ಅವಳು ಕೇಳಿದಳು.

“ರೀ, ಇದರ ಎದೆಯದೊಂದು ಗರಿ ಕಿತ್ತುಕೊಡಿ. ಕೈಲಿಟ್ಕೋತೀನಿ.”

“ಪ್ರದರ್ಶನ ಮುಗೀಲಿ ಕಣೆ. ಗರಿ ಉದುರೋ ಕಾಲ ಬಂದ್ರೆ ತಾನಾಗೇ ಬೀಳುತ್ತೆ. ಹಿಡಿ ತುಂಬ ಕೊಡ್ತೀನಿ.”

ಅಲ್ಲಿಯ ತನಕ ನಾನಿರಬೇಕಲ್ಲ ಎಂದು ಅವಳು ನಕ್ಕಳು. ಬಿಡ್ತು ಅನ್ನು ಎಂದು ಗದರಿಸಿ ಅವನು ಹೊಲಿಗೆ ಮಿಷನ್ ಮುಂದೆ ಹೋಗಿ ಕೂತ.

ಗರಿ ಉದುರುವ ಕಾಲಕ್ಕೆ ಮೊದಲೇ ಅವಳು ಹೋದಳು. ಬಲಗೈ ಮುಷ್ಟಿ ಕಟ್ಟಿತ್ತು. ಬಿಡಿಸಿ ಕೈ ಹಿಡಿದುಕೊಳ್ಳಲು ನೋಡಿದ. ಮಗಳು ತಡೆದು, ಇರಲಿ ಬಿಡಪ್ಪ ಎಂದಳು. ಅವನು ಆ ಮುಷ್ಟಿಯನ್ನೇ ಹಿಡಿದುಕೊಂಡು ಕೂತ. ಹಾಗೆಯೇ ಮಣ್ಣು ಮಾಡಿ ಬಂದರು.

ಆಮೇಲೆ ಎಷ್ಟೋ ವಾರ ಅವನು ಹಿತ್ತಿಲ ಕಡೆ ತಲೆ ಹಾಕಲಿಲ್ಲ. ಕಾಳು ನೀರು ಮಗಳೇ ನೋಡಿಕೊಂಡಳು. ಪ್ರದರ್ಶನ ಹತ್ತಿರ ಬಂದಾಗ, ಸತ್ತವಳ ಆಸೆಯಾದರೂ ನೆರವೇರಲಿ ಎಂದು ಎದ್ದ. ಬೀಗಿತ್ತಿಗೆ ಬೆಚ್ಚನೆ ನೀರಲ್ಲಿ ಸ್ನಾನ ಮಾಡಿಸಿ ಎದೆ ಒರೆಸುತ್ತಿದ್ದಾಗ ಕಂಡಿತು, ಒಂದು ಬಿಳಿ ಗರಿ. ಹೊಂಬಣ್ಣವಿಲ್ಲ, ಅಂಚಿಲ್ಲ, ಅಚ್ಚ ಬಿಳಿ.

ಬಿಳಿ ಬಂತೆಂದರೆ ರಕ್ತದಲ್ಲೇ ದೋಷ, ಮರಿಮರಿಗೂ ಬರುತ್ತದೆ. ಬಿಳಿ ಕಂಡ ಕೋಳಿ ಗೂಡಿನಲ್ಲಿ ಉಳಿಯಬಾರದು ಎಂಬುದು ಗಂಡ ಹೆಂಡತಿ ಕೂತು ಮಾಡಿಕೊಂಡ ಕಟ್ಟಳೆ. ಕಿತ್ತೆಸೆದು ಮುಚ್ಚಿಡುವ ಆಸಾಮಿಯೂ ಅವನಲ್ಲ. ಸಿಟ್ಟು ಬಂದದ್ದು ಯಾರ ಮೇಲೆ ಗೊತ್ತೇ? ಸತ್ತವಳ ಮೇಲೆ. ಎಂಥ ಜೋಡಿ ಮಾಡಿಟ್ಟು ಹೋದೆಯೇ ತಾಯಿ ಎಂದು ಗೊಣಗುತ್ತಲೇ ಬೀಗಿತ್ತಿಯನ್ನು ಬುಟ್ಟಿಗೆ ಹಾಕಿ, ಕೋಳಿ ಅಂಗಡಿಗೆ ಕೊಟ್ಟು ಬಂದ.

ಸಂಜೆ ಕೆಲಸದಿಂದ ಬಂದ ಮಗಳು ಬೀಗಿತ್ತಿ ಎಲ್ಲಿ ಎಂದು ಕೇಳಿದಳು. ನಡೆದದ್ದನ್ನು ಹೇಳಿ, ನಿಮ್ಮಮ್ಮ ಮಾಡಿದ ಜೋಡಿಯೇ ಸರಿ ಇರಲಿಲ್ಲ ಎಂದೂ ಸೇರಿಸಿದ. ಮಗಳು ಹೆಗಲ ಚೀಲವನ್ನೂ ಇಳಿಸದೆ ಹೊಸ್ತಿಲಲ್ಲೇ ಕುಸಿದಳು.

“ಅಮ್ಮನ ಜೋಡಿ ಸರಿಯಾಗೇ ಇತ್ತಪ್ಪ. ಅಲ್ಲಿದ್ದ ಗರೀನ ನಾನು ಕಿತ್ತಿದ್ದೆ. ಅಮ್ಮ ಕೇಳಿದ್ಲು. ನಿಂಗೆ ಹೇಳ್ಬೇಡ ಅಂದ್ಲು, ಪಾಪ ಬೇಜಾರು ಮಾಡ್ಕೋತಾರೆ ಅಂತ. ಅವಳ ಮುಷ್ಟೀಲಿದ್ದಿದ್ದು ಅದೇ.”

ಗರಿ ಕಿತ್ತ ಜಾಗದಲ್ಲಿ ಒಮ್ಮೊಮ್ಮೆ ಬಿಳಿ ಹುಟ್ಟುತ್ತದೆ. ಅದು ರಕ್ತದ ದೋಷವಲ್ಲ, ನೋವಿನ ಗುರುತು. ಅವನಿಗೆ ಇದು ಗೊತ್ತಿಲ್ಲದ್ದೇ? ಪ್ರದರ್ಶನದಲ್ಲಿ ಗರಿ ಕಿತ್ತು ಮೋಸ ಮಾಡುವವರನ್ನು ಇದೇ ಗುರುತಿನಿಂದ ಹಿಡಿಯುತ್ತಿದ್ದವನು ಅವನು. ತನ್ನ ಮನೆಯಲ್ಲೇ ಯಾರಾದರೂ ಕಿತ್ತಿರಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

ಬರಿಗಾಲಲ್ಲಿ ಓಡಿದ. ಅಂಗಡಿಯವನು ನೆಲ ತೊಳೆಯುತ್ತಿದ್ದ. ಅದು ಆಗಲೇ ಮುಗೀತಲ್ಲಣ್ಣ ಎಂದು ತಡವರಿಸಿದ. ಟೈಲರ್ ಹಿಂಬದಿಗೆ ಹೋಗಿ ಗರಿ ತುಂಬಿದ ಡ್ರಮ್ಮಿಗೆ ಕೈ ಹಾಕಿದ. ಬೀಗಿತ್ತಿಯ ಹೊಂಬಣ್ಣದ ಗರಿಗಳು ಒದ್ದೆಯಾಗಿ ಹಿಡಿ ತುಂಬ ಸಿಕ್ಕವು, ಒಂದೊಂದಕ್ಕೂ ಹದವಾದ ಅಂಚು. ಅವನ್ನೆಲ್ಲ ನೆಲಕ್ಕೆ ಸುರಿದುಬಿಟ್ಟ. ಅವನಿಗೆ ಬೇಕಾಗಿದ್ದದ್ದು ಬಿಳಿಯದು, ಅವಳ ಕೈ ಸೇರಿದ ಗರಿಯ ಜಾಗದಲ್ಲಿ ಹುಟ್ಟಿದ್ದು. ಆದರೆ ಆ ಅಂಗಡಿಗೆ ದಿನವೂ ಬರುವ ಕೋಳಿಗಳೆಲ್ಲ ಬಿಳಿಯವೇ. ಡ್ರಮ್ಮಿನ ತುಂಬ ಬಿಳಿ ಗರಿಗಳು.

ಮಗಳು ಹಿಂದೆಯೇ ಬಂದು ಭುಜ ಹಿಡಿದಳು. ಅವನು ತಲೆ ಎತ್ತಲಿಲ್ಲ.

“ಹಿಡಿ ತುಂಬ ಕೊಡ್ತೀನಿ ಅಂದಿದ್ದೆ ಕಣಮ್ಮ. ಅವಳು ಕೇಳಿದ್ದು ಒಂದೇ.”

ಮತ್ತೊಂದು ಬಿಳಿ ಗರಿ ಎತ್ತಿ ನೀರು ಒರೆಸಿ, ಇದಾ ನೋಡು ಎಂದು ಮಗಳ ಕಡೆ ಚಾಚಿದ.