ರಾಖಿ ಕಟ್ಟಿಸಿದ ನ್ಯಾಯ

ಆ ಭಾನುವಾರ ಮಧ್ಯಾಹ್ನ ಲಂಡನ್ನಿನ ಹ್ಯಾರೋದ ಶಾಲೆಯೊಂದರ ಸಭಾಂಗಣದಲ್ಲಿ ಸೇರಿದ್ದ ಕನ್ನಡಿಗರೆಲ್ಲ ಕೈಯಲ್ಲಿ ಕತ್ತರಿ ಹಿಡಿದೇ ಬಂದವರಂತಿದ್ದರು. ಕನ್ನಡ ಬಳಗದ ಹರಟೆ ಕಾರ್ಯಕ್ರಮ ಅದು. ಬೇರೆ ವರ್ಷಗಳಲ್ಲಿ ಅತ್ತೆ ಮೇಲೋ ಸೊಸೆ ಮೇಲೋ ಎಂಬಂಥ ವಿಷಯಕ್ಕೆ ನಕ್ಕು, ಬಿಸಿಬೇಳೆಭಾತ್ ತಿಂದು ಮನೆಗೆ ಹೋಗುತ್ತಿದ್ದರು. ಈ ಸಲ ಲೈಂಗಿಕ ಅಪರಾಧಿಗಳ ಕಾಮ ತಗ್ಗಿಸುವ ಔಷಧಿಯನ್ನು ಇಲ್ಲಿನ ಸರ್ಕಾರ ಇನ್ನಷ್ಟು ಜೈಲುಗಳಲ್ಲಿ ಕೊಡಲಿದೆ ಎಂಬ ಸುದ್ದಿ ಎಲ್ಲರ ಬಾಯಲ್ಲಿತ್ತು. ಹಾಗಾಗಿ ಹರಟೆಯ ವಿಷಯವೂ ಅದೇ: ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕುವವರ ಗಂಡಸುತನ ಕಸಿಯುವುದೇ ತಕ್ಕ ಶಿಕ್ಷೆ. ಪರವಾಗಿ ಮಾತಾಡಲು ನಾ ಮುಂದು ತಾ ಮುಂದು ಎಂದು ಬಂದರು. ವಿರುದ್ಧ ಮಾತಾಡಲು ಯಾರೂ ಸಿಗದೆ ಸೌಂದರ್ಯಾಳ ಹೆಸರು ಹಾಕಿದರು. ಆಗಿನ್ನೂ ಅವಳಿಗೆ ಏನೂ ಗೊತ್ತಿರಲಿಲ್ಲ.

ಗೊತ್ತಾದದ್ದು ಆಮೇಲೆ, ಹರಟೆಗೆ ಕೆಲವು ದಿನ ಇರುವಾಗ. ಮಕ್ಕಳ ನಾಟಕದ ತಾಲೀಮು ಮುಗಿಸಿ ಬಂದ ಮಗಳು ಅಂಕಿತಾ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಕೂತಳು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಕೊನೆಗೆ ಬಾಗಿಲಾಚೆಯಿಂದಲೇ, ಅಳುತ್ತ ಬಿಕ್ಕುತ್ತ ಇಂಗ್ಲಿಷಿನಲ್ಲಿ ಹೇಳಿದಳು. ನಾಟಕ ಕಲಿಸುವ ಸೂರಜ ಮನೆಗೆ ಬಿಡುತ್ತೇನೆಂದು ಕಾರು ಹತ್ತಿಸಿಕೊಂಡು, ದಾರಿಯಲ್ಲಿ ನಿಲ್ಲಿಸಿ, ಮುಟ್ಟಬಾರದ ಕಡೆ ಮುಟ್ಟಿದ್ದ. ಬೇಡ ಎಂದರೂ ಬಿಟ್ಟಿರಲಿಲ್ಲ. ಅಂಕಿತಾಳಿಗೆ ಹದಿಮೂರು ವರ್ಷ.

ಸೂರಜನೆಂದರೆ ಬಳಗದ ಅಧ್ಯಕ್ಷ ನಿಜಲಿಂಗಪ್ಪನವರ ಅಣ್ಣನ ಮಗ. ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ಹುಡುಕಿಕೊಡುವವ, ಊರಿನಿಂದ ಬರುವ ಅತ್ತೆಮಾವಂದಿರನ್ನು ಹೀಥ್ರೋ ವಿಮಾನ ನಿಲ್ದಾಣದಿಂದ ಕರೆತರುವವ. ಅವನ ಉಪಕಾರ ಪಡೆಯದ ಮನೆ ಬಳಗದಲ್ಲಿ ಒಂದೂ ಇರಲಿಲ್ಲ. ಸೌಂದರ್ಯಾಳ ಗಂಡ ನಿತೀಶ ಪೊಲೀಸರಿಗೆ ಫೋನ್ ಮಾಡುವ ಬದಲು, ಮನೆಯ ಮಾತು ಮನೆಯಲ್ಲೇ ಮುಗಿಯಲಿ ಎಂದು ನಿಜಲಿಂಗಪ್ಪನವರಿಗೆ ಮಾಡಿದ.

ಹಿರಿಯರು ಅಣ್ಣನ ಮಗನನ್ನೂ ಕಟ್ಟಿಕೊಂಡು ಬಂದರು. ಚಹಾ ಕುಡಿದರು. ಧಾರವಾಡದ ಸುದ್ದಿ ಮಾತಾಡಿದರು. ಆಮೇಲೆ ಕೋಟಿನ ಜೇಬಿನಿಂದ ಒಂದು ರಾಖಿ ತೆಗೆದು ಅಂಕಿತಾಳ ಕೈಗಿಟ್ಟರು.

"ಇವತ್ತಿಂದ ಇಂವ ನಿನಗ ಅಣ್ಣ. ಕಟ್ಟವ್ವ. ಅಣ್ಣ ಅಂದಮ್ಯಾಲೆ ಮುಗೀತು."

ಸೂರಜ ಕಣ್ಣಲ್ಲಿ ನೀರು ತಂದುಕೊಂಡು ಕೈ ಚಾಚಿದ. ಹುಡುಗಿ ಅಮ್ಮನ ಮುಖ ನೋಡಿದಳು. ಸೌಂದರ್ಯಾ ತಲೆ ತಗ್ಗಿಸಿದಳು. ಅಂಕಿತಾ ಕಟ್ಟಿದಳು, ಗಂಟು ಬೀಳದಿದ್ದಾಗ ನಿಜಲಿಂಗಪ್ಪನವರೇ ಗಂಟು ಹಾಕಿಕೊಟ್ಟರು. ಆಮೇಲೆ ತಾವೇ ತಂದಿದ್ದ ಪೇಡಾ ಹಂಚಿದರು. ಪೇಡಾ, ಕೇಳಿದಿರಾ. ಇಂಥ ನ್ಯಾಯಕ್ಕೆ ಏನನ್ನಬೇಕೋ ದೇವರೇ ಬಲ್ಲ.

ಅದೇ ನಿಜಲಿಂಗಪ್ಪನವರು ಈಗ ಶಲ್ಯ ಸರಿಪಡಿಸಿಕೊಂಡು ವೇದಿಕೆಯ ಮೇಲೆ ಗುಡುಗುತ್ತಿದ್ದರು.

"ಔಷಧಿ ಯಾಕೆ, ಸೂಜಿ ಯಾಕೆ? ನೇರವಾಗಿ ಕತ್ತರಿಸಬೇಕು. ಹೆಣ್ಣನ್ನು ದೇವತೆ ಎನ್ನುವ ನಾಡಿನಿಂದ ಬಂದವರು ನಾವು. ಇಂಥ ನೀಚರಿಗೆ ದಯೆ ತೋರಿಸಬಾರದು."

ಸಭಾಂಗಣದ ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ನಿತೀಶನೂ ತಟ್ಟಿದ. ಮೈಕು, ಲೈಟು ನೋಡಿಕೊಳ್ಳುತ್ತ ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಸೂರಜನೂ ತಟ್ಟಿದ. ಅಂಕಿತಾ ಒಳಗೆ ಬರುವುದಿಲ್ಲವೆಂದು ಹಟ ಹಿಡಿದು ಹೊರಗೆ ಕಾರಿನಲ್ಲಿ ಕೂತಿದ್ದಳು. ಮಗಳು ಮುಖ ಮುಚ್ಚಿಕೊಂಡು ಕೂರಬೇಕು, ಇವನು ಇಲ್ಲಿ ಚಪ್ಪಾಳೆ ತಟ್ಟಬೇಕು. ಹೀಗೆ ಮಾಡಿಟ್ಟವರಲ್ಲಿ ತಾನೂ ಒಬ್ಬಳು ಎಂದು ನೆನೆದು ಸೌಂದರ್ಯಾಳಿಗೆ ತನ್ನ ಮೇಲೂ ಅಸಹ್ಯವಾಯಿತು.

ಅವಳ ಸರದಿ ಬಂತು. ಸೂರಜನೇ ಮೈಕು ತಂದುಕೊಟ್ಟ.

"ಚೊಲೊತ್ನ್ಯಾಗ ಮಾತಾಡ್ರಿ, ವಯ್ನಿ."

ಬಳಗದ ಸಭೆಯಲ್ಲಿ ಎಲ್ಲರೂ ಬೆಂಗಳೂರಿನ ಕನ್ನಡಕ್ಕೆ ತಿರುಗುತ್ತಾರೆ. ಸೌಂದರ್ಯಾಳೂ ಹಾಗೇ ಶುರು ಮಾಡಿದಳು. ಎರಡು ಮಾತು ಆಡುವಷ್ಟರಲ್ಲಿ ಸಿಟ್ಟು ಏರಿತು, ನಾಲಿಗೆ ತಾನಾಗಿ ತವರೂರು ವಿಜಯಪುರದ ಮಾತಿಗೆ ಹೊರಳಿತು.

"ಆ ಔಷಧಿ ತಾವಾಗೇ ಒಪ್ಪಿ ತಗೊಂಡವರಿಗೆ, ಆಸೆ ತಡಕೊಳ್ಳಾಕ ಆಗದವರಿಗೆ ಒಂದಿಷ್ಟು ಉಪಯೋಗ ಆಗಬಹುದಂತ. ಆಗಲಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ಎಲ್ಲಾರೂ ಬರೇ ಆಸೆಗೆ ಮಾಡತಾರೇನು? ಈ ಹುಡುಗಿ ಮನ್ಯಾಗ ಹೇಳಂಗಿಲ್ಲ, ಹೇಳಿದರೂ ಯಾರೂ ಬಾಯಿ ಬಿಡಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ ಮಾಡತಾರ. ಆ ಧೈರ್ಯ ಇಳಿಸೋ ಗುಳಿಗಿ ಯಾವ ಅಂಗಡ್ಯಾಗ ಸಿಗತದ? ಕತ್ತರಸ್ರಿ ಅಂತ ಕೂಗೋದು ಭಾಳ ಸಸಾರ. ಮೊದಲ ಅಂವನ್ನ ಹಿಡಕೊಡಬೇಕಲ್ಲ."

ಚಪ್ಪಾಳೆಯಿಲ್ಲ. ಅವಳು ನಿಜಲಿಂಗಪ್ಪನವರ ಕಡೆಗೆ ತಿರುಗಿದಳು. ಮಗಳ ಹೆಸರು ಎತ್ತಬಾರದೆಂದು ನಾಲಿಗೆ ಬಿಗಿಹಿಡಿದಿದ್ದಳು.

"ಕಾಕಾ, ನಾಳೆ ನಿಮ್ಮನ್ಯಾಗಿನ ಹುಡುಗ ಇಂಥಾದ್ದು ಮಾಡಿದನಂದ್ರ? ಕತ್ತರಿ ನೀವ ತಂದುಕೊಡತೀರೇನು?"

ನಿಜಲಿಂಗಪ್ಪನವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ನಕ್ಕರು.

"ನಮ್ಮ ಹುಡುಗರು ಅಂಥವರಲ್ಲವ್ವಾ."

ಮತ್ತೆ ಚಪ್ಪಾಳೆ, ಮೊದಲಿಗಿಂತ ಜೋರಾಗಿ. ಸೌಂದರ್ಯಾ ಮೈಕನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು. ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಕಾರಿನ ಹತ್ತಿರ ನಿತೀಶ ಓಡಿಬಂದು ಅವಳನ್ನು ತಡೆದ. "ಎಲ್ಲಿಗೆ ಹೊಂಟಿ?"

"ಪೊಲೀಸ್ ಸ್ಟೇಷನ್ನಿಗೆ."

"ಹುಚ್ಚು ಹಿಡಿದದೇನು ನಿನಗ? ಅಂವನ ವೀಸಾ ಹೋಗತದ, ನೌಕರಿ ಹೋಗತದ. ಮ್ಯಾಲೆ ಇವರು ಆ ಔಷಧಿ ಬ್ಯಾರೆ ಕೊಟ್ಟರ? ಇನ್ನೂ ಲಗ್ನಾಗಬೇಕಾದ ಹುಡುಗ. ಅಷ್ಟು ದೊಡ್ಡ ತಪ್ಪು ಮಾಡ್ಯಾನೇನು?"

"ಈಗರೆ ಚಪ್ಪಾಳಿ ತಟ್ಟಿದೆಲ್ಲ, ಕತ್ತರಸ್ರಿ ಅಂದಾಗ."

"ಅದು ಹರಟಿ, ಸೌಂದರ್ಯಾ."

ಬೇರೆಯವರ ಮಗನಾದರೆ ಕತ್ತರಿ, ನಮ್ಮವನಾದರೆ ರಾಖಿ. ಶಿಕ್ಷೆ ದೊಡ್ಡದಾದಷ್ಟೂ ಬಚ್ಚಿಡುವ ಕೈಗಳು ಹೆಚ್ಚಾಗುತ್ತವೆಂದು ಅವಳು ಭಾಷಣಕ್ಕೆಂದು ಎಲ್ಲೋ ಓದಿದ್ದಳು, ಹೇಳಲು ಮರೆತಿದ್ದಳು. ಈಗ ಅದು ತನ್ನ ಗಂಡನ ಬಾಯಿಂದಲೇ ಬಂದಿತ್ತು.

ಅವಳು ಕಾರಿನೊಳಗೆ ಕೂತು ಮಗಳ ಕಡೆ ತಿರುಗಿದಳು. "ಅಂಕಿತಾ, ಪೊಲೀಸರ ಮುಂದ ಎಲ್ಲಾನೂ ನೀನ ಹೇಳಬೇಕಾಗತದ. ನಾ ಬಾಜೂಕ ಇರತೀನಿ. ನಿನಗ ಬ್ಯಾಡ ಅನಿಸಿದರ ಈಗ ಮನಿಗೆ ಹೋಗೂಣು. ಅವತ್ತು ನಾ ನಿನ್ನನ್ನ ಕೇಳಬೇಕಿತ್ತು, ಕೇಳಲಿಲ್ಲ."

ಅಂಕಿತಾ ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು. ನಿತೀಶ ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತೇ ಇದ್ದ. ಸೌಂದರ್ಯಾ ಗಾಡಿ ಹಿಂದಕ್ಕೆ ತೆಗೆದಾಗ ಕೈ ತೆಗೆದ.

ಠಾಣೆಯಲ್ಲಿ ಅವರನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿದರು. ಮಾತಾಡಿಸಲು ಬಂದ ಪೊಲೀಸ್ ಹೆಂಗಸು ಅಂಕಿತಾಳ ಮುಂದೆ ನೀರಿನ ಲೋಟ ಇಟ್ಟು, ಅವಸರವಿಲ್ಲ, ನಿನಗೆ ಬಂದಷ್ಟು ಹೇಳು ಎಂದಳು. ಮೊದಲು ಅವನ ಹೆಸರು ಕೇಳಿದಳು. ಅಂಕಿತಾ ಹೇಳಿದಳು.

"ಅವನು ನಿನಗೆ ಏನಾಗಬೇಕು? ಸಂಬಂಧಿಕನೇ?"

ಸೌಂದರ್ಯಾ ಬಾಯಿ ತೆರೆದಳು. ಅಂಕಿತಾ ಅಮ್ಮನ ಕೈ ಒತ್ತಿ ಸುಮ್ಮನಿರಿಸಿದಳು.

"ಅವನು ನನ್ನ ಅಣ್ಣ ಅಂತ ಎಲ್ಲರೂ ಹೇಳಿದರು," ಅಂದಳು. "ಅವನು ನನಗೆ ಏನೂ ಅಲ್ಲ. ಅದನ್ನೂ ಬರೆದುಕೊಳ್ಳಿ."