ಮೂರನೆಯ ಮೆಷಿನ್

"ಕಡಿಮೆ ಬೆಲೇದು ಅಂದ್ರೆ ಇದೇ. ಸದ್ದು ಜಾಸ್ತಿ, ಮೊದ್ಲೇ ಹೇಳ್ಬಿಡ್ತೀನಿ," ಎನ್ನುತ್ತ ಅಂಗಡಿಯವನು ಸ್ವಿಚ್ ಒತ್ತಿದ.

ಮೇಜಿನ ಮೇಲಿದ್ದ, ಕರೆಂಟು ಕುಡಿದು ಡಿಜಿಟಲ್ ನಾಣ್ಯ ಹುಟ್ಟಿಸುವ ಮೂರು ಮೈನಿಂಗ್ ಮೆಷಿನ್‌ಗಳಲ್ಲಿ ಕೊನೆಯದು ಒಮ್ಮೆ ಕೆಮ್ಮಿ, ಹಿಟ್ಟಿನ ಗಿರಣಿಯ ಹಾಗೆ ಮೊರೆಯತೊಡಗಿತು. ಲಿಫ್ಟ್ ಮೆಕ್ಯಾನಿಕ್ ಬಾಗಿ ಅದರ ಹಿಂಬದಿಗೆ ಅಂಗೈ ಹಿಡಿದ. ಬಿಸಿಗಾಳಿ ಮುಖಕ್ಕೂ ಬಡಿಯಿತು. ಮೊದಲನೆಯದು ಪುಸ್ತಕದಷ್ಟಿತ್ತು, ಸದ್ದೇ ಇಲ್ಲ. ಆದರೆ ವರ್ಷವಿಡೀ ಓಡಿಸಿದರೂ ಅದರಿಂದ ಸಿಗುವ ನಾಣ್ಯ ಚಿಟಿಕೆಯಷ್ಟು. ಎರಡನೆಯದು ಎಲ್ಲದರಲ್ಲೂ ಸೈ, ಬೆಲೆ ಮಾತ್ರ ಕೈಗೆಟುಕದ್ದು. ಮೂರನೆಯದು ಯಾರೋ ಬಳಸಿ ಬಿಟ್ಟಿದ್ದು.

"ಮನೇಲಿ ವೈರಿಂಗ್ ಹೇಗಿದೆ?"

"ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದೋನು ನಾನು." ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೋದ ವರ್ಷ ಲಿಫ್ಟಿನ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನು ಮನೆಯಲ್ಲೇ ಇದ್ದ. ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಒಳಕೋಣೆಯಲ್ಲಿ ಅಮ್ಮ, ಮೂಗಿಗೆ ನಳಿಕೆ, ಮಂಚದ ಪಕ್ಕ ಆಕ್ಸಿಜನ್ ಮೆಷಿನ್. ಕೂತಲ್ಲೇ ದುಡಿಯಬಹುದು ಎಂದು ಯಾರೋ ಹೇಳಿದ್ದೇ ತಡ, ಅವನ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ.

"ಇಸ್ತ್ರಿಪೆಟ್ಟಿಗೆ ಹಾಕಿದ್ರೇ ಲೈಟು ಮಂಕಾಗುತ್ತಲ್ರೀ. ನಂಗ್ಯಾಕೋ ಭಯ," ಎಂದಳು ಹೆಂಡತಿ, ಮೆಷಿನ್ ಮನೆಗೆ ಬಂದ ಸಂಜೆ.

ಅವನು ಮುಖ ಸಣ್ಣದು ಮಾಡಿಕೊಂಡಿದ್ದು ಮಂಚದಿಂದಲೇ ಕಂಡಿರಬೇಕು. "ಹೋಗ್ಲಿ ಬಿಡಮ್ಮ, ಅವನೂ ಏನಾದ್ರೂ ಮಾಡ್ಲಿ," ಎಂದಳು ಅಮ್ಮ.

ಮರುದಿನ ಹೆಂಡತಿ ಹೊರಟ ಮೇಲೆ ಸಾಮಾನು ಕೋಣೆಯಲ್ಲಿ ಮೆಷಿನ್ ಜೋಡಿಸಿ ಶುರು ಮಾಡಿದ. ಮನೆಯೇ ಗುಂಯ್ ಎಂದಿತು. ಎರಡು ಬಾಗಿಲು ಮುಚ್ಚಿದರೂ ಸದ್ದು ಗೋಡೆಯಲ್ಲಿ ನಡುಗುತ್ತಿತ್ತು. ಅವನು ಮುಂದಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ಅಂಕಿ ಏರುವುದನ್ನೇ ನೋಡಿದ. ಎಷ್ಟೋ ತಿಂಗಳ ಮೇಲೆ ಬೆನ್ನು ನೇರವಾಗಿತ್ತು.

ಮಧ್ಯಾಹ್ನ ಹೆಂಡತಿಯ ಫೋನ್ ಬಂತು. ಏನೂ ಕೇಳಿಸದೆ ಬೀದಿಬಾಗಿಲು ದಾಟಿ ಮೆಟ್ಟಿಲಿಗೆ ಬಂದ.

"ಅತ್ತೆ ಫೋನ್ ಎತ್ತುತ್ತಿಲ್ಲ. ಮೂರು ಸಲ ಮಾಡ್ದೆ."

"ಮಲಗಿರ್ಬೇಕು."

"ಈ ಹೊತ್ತಲ್ಲಿ ಮಲಗಲ್ಲ ಅವರು. ಸ್ವಲ್ಪ ನೋಡ್ರೀ."

ಕುಂಟುತ್ತ ಓಡಿ ಒಳಕೋಣೆಯ ಬಾಗಿಲು ತಳ್ಳಿದ. ಆಕ್ಸಿಜನ್ ಮೆಷಿನ್ ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ಕರೆಂಟಿನ ಬಲ ಸಾಲದೆ ಅದು ನಿಂತುಹೋಗಿ, ಎಷ್ಟು ಹೊತ್ತಿನಿಂದಲೋ ಕೂಗಿಕೊಳ್ಳುತ್ತಿತ್ತು. ಅಮ್ಮ ಮಂಚದ ಅಂಚಿಗೆ ಜಾರಿದ್ದಳು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು, ಬಾಯಿ ತೆರೆದಿತ್ತು.

ಮೂಲೆಯಲ್ಲಿದ್ದ ಸಣ್ಣ ಆಕ್ಸಿಜನ್ ಸಿಲಿಂಡರಿನ ತಿರುಪು ಬೆವರಿದ ಕೈಗೆ ಸಿಗಲಿಲ್ಲ. ಎಂಥೆಂಥ ಲಿಫ್ಟಿನ ಬೋಲ್ಟು ಬಿಚ್ಚಿದ ಬೆರಳು ಜಾರಿತು, ಮತ್ತೆ ಜಾರಿತು. ಅಂಗಿಯ ತುದಿ ಸುತ್ತಿ ತಿರುಗಿಸಿದ. ಗಾಳಿ ಸುಯ್ ಎಂದಿತು. ನಳಿಕೆಯನ್ನು ಅದಕ್ಕೆ ಸಿಕ್ಕಿಸಿ ಅಮ್ಮನನ್ನು ಎದೆಗೆ ಒರಗಿಸಿಕೊಂಡ. "ಎಳ್ಕೋ ಅಮ್ಮಾ, ಉಸಿರು ಎಳ್ಕೋ."

ಅವಳು ಕಣ್ಣು ಬಿಡುವ ಹೊತ್ತಿಗೆ ಅವನ ಅಂಗಿ ತೊಯ್ದು ತೊಪ್ಪೆಯಾಗಿತ್ತು. ಅವಳನ್ನು ದಿಂಬಿಗೆ ಒರಗಿಸಿ, ಹೋಗಿ ಸಾಮಾನು ಕೋಣೆಯ ಮೆಷಿನ್ನಿನ ವೈರನ್ನೇ ಕಿತ್ತು ಬಂದ.

"ಕೂಗಬಾರ್ದಿತ್ತಾ ಅಮ್ಮಾ?"

"ಎರಡು ಸಲ ಕೂಗ್ದೆ ಕಣೋ." ನಡುವೆ ಉಸಿರು ತೆಗೆದುಕೊಂಡಳು. "ಆಮೇಲೆ... ನೀನು ಕೆಲಸದಲ್ಲಿದೀಯಲ್ಲ ಅಂತ ಸುಮ್ನಾದೆ."

ಆಟೋ ಬಂದು ನಿಂತ ಸದ್ದಾಯಿತು. ಹೆಂಡತಿ ಚಪ್ಪಲಿಯಲ್ಲೇ ಒಳಗೆ ಬಂದು, ಸಿಲಿಂಡರಿಗೆ ಸಿಕ್ಕಿಸಿದ್ದ ನಳಿಕೆ ನೋಡಿ ಬಾಗಿಲ ಬಳಿ ನಿಂತಳು. "ಆಕ್ಸಿಜನ್ ಎಷ್ಟು ಹೊತ್ತು ನಿಂತಿತ್ತು?"

ಅವನು ಅಮ್ಮನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಉಗುರಿಗೆ ಬಣ್ಣ ಮರಳುತ್ತಿದೆಯೇ ಎಂದು ನೋಡುತ್ತಿದ್ದ. ಹೆಬ್ಬೆರಳಿಗೆ ಬಂದಿತ್ತು. ಕಿರುಬೆರಳು ಇನ್ನೂ ನೀಲಿಯಾಗಿತ್ತು.